ಜೇಜುರಿಯ ‘ಯೇಳಕೋಟ’: ಒಂದು ಸಂಖ್ಯೆಯ ಸ್ವರೂಪ

ಪುಣೆ ಜಿಲ್ಲೆಯ ಜೇಜುರಿಯಲ್ಲಿ ಖಂಡೋಬನ ಭಕ್ತರು ಭಂಡಾರವನ್ನು ತೂರುತ್ತ ‘ಯೇಳಕೋಟ ಯೇಳಕೋಟ ಜಯ ಮಲ್ಹಾರ’ ಎಂದು ಘೋಷಿಸುತ್ತಾರೆ. ಮರಾಠಿಯಲ್ಲಿ ಏಳಕ್ಕೆ ‘ಸಾತ’ ಎನ್ನುತ್ತಾರೆ. ‘ಯೇಳ’ ಎಂಬುದು ಆ ಭಾಷೆಯ ಸಂಖ್ಯಾವಾಚಕವಲ್ಲ. ನಮ್ಮ ಮೈಲಾರ, ದೇವರಗುಡ್ಡಗಳಲ್ಲಿ ಮೈಲಾರಲಿಂಗನ ಭಕ್ತರು ಕೂಗುವ ‘ಏಳುಕೋಟಿ’ಯೇ ಅದು. ಪದಾದಿಯ ಏಕಾರಕ್ಕೆ ಯಕಾರ ಸೇರುವುದು ಕನ್ನಡ ಆಡುನುಡಿಯಲ್ಲಿಯೂ ಉಂಟು. ಈ ಘೋಷವು ಭಾಷಾಚರಿತ್ರೆಯ ದೃಷ್ಟಿಯಿಂದ ಎಷ್ಟು ಮಹತ್ವದ್ದೋ, ಅದರೊಳಗಿನ ಸಂಖ್ಯೆಯ ರಚನೆಯೂ ಅಷ್ಟೇ ವಿಚಾರಾರ್ಹವಾದುದು.

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ಕೋಟಿ ಎಂಟನೆಯದು. ಎಂದರೆ ಹತ್ತನ್ನು ಏಳು ಸಲ ಗುಣಿಸಿದಾಗ ದೊರೆಯುವುದು. ಆದ್ದರಿಂದ 7,00,00,000ವನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ಏಳು ಎರಡುಗಳು, ಏಳು ಐದುಗಳು ಮತ್ತು ಒಂದು ಏಳು ದೊರೆಯುತ್ತವೆ. ಒಂದು ಭಾಜಕವನ್ನು ರಚಿಸುವಾಗ ಎರಡನ್ನು ಶೂನ್ಯದಿಂದ ಏಳು ಸಲದವರೆಗೆ, ಅಂದರೆ ಎಂಟು ಬಗೆಯಲ್ಲಿ ಆರಿಸಬಹುದು, ಐದನ್ನೂ ಹಾಗೆಯೇ, ಏಳನ್ನು ಎರಡು ಬಗೆಯಲ್ಲಿ. ಹೀಗೆ 8×8×2, ಒಟ್ಟು 128 ಭಾಜಕಗಳು. ಈ 128 ತಾನೇ ಏಳು ಎರಡುಗಳ ಗುಣಲಬ್ಧ. ಯಾವ ಅವಿಭಾಜ್ಯವೂ ಇಲ್ಲಿ ಸಮಸಂಖ್ಯೆಯಷ್ಟು ಸಲ ಬಾರದುದರಿಂದ ಏಳು ಕೋಟಿ ಪೂರ್ಣವರ್ಗವಲ್ಲ. 70ರಿಂದ ಗುಣಿಸಿದರೆ 490 ಕೋಟಿಯಾಗಿ, 70,000ದ ವರ್ಗವಾಗುತ್ತದೆ. ಏಳು ಮರಳಿ ಮರಳಿ ಕಾಣಿಸುವುದನ್ನು ದೈವಸಂಕೇತವೆಂದು ಭಾವಿಸಬೇಕಾಗಿಲ್ಲ. ಕೋಟಿಯಲ್ಲಿ ಏಳು ಸೊನ್ನೆಗಳಿರುವುದೇ ಅದಕ್ಕೆ ಮುಖ್ಯ ಕಾರಣ.

ಈ ಸಂಖ್ಯೆಯಲ್ಲಿ ಇಲ್ಲದ ಅಂಶವೂ ಗಮನಾರ್ಹ. ಮಣಿ, ಮಲ್ಲರೆಂಬ ದೈತ್ಯರ ಸಂಹಾರಕ್ಕೆ ಶಿವನು ಏಳು ಕೋಟಿ ಸೈನ್ಯದೊಡನೆ ಬಂದನೆಂಬುದು ಐತಿಹ್ಯ. ಭಾರತದಲ್ಲಿ ಹೇಳಿರುವ ಸೇನಾಗಣನೆಯಂತೆ ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿ ಒಂದು ಪತ್ತಿ. ಅದನ್ನು ಏಳು ಸಲ ಮೂರರಿಂದ ಹೆಚ್ಚಿಸಿದರೆ ಅನೀಕಿನಿ. ಹತ್ತು ಅನೀಕಿನಿಗೆ ಒಂದು ಅಕ್ಷೋಹಿಣಿ, ಅಂದರೆ 2,18,700. ಅಲ್ಲಿ ಮೂರೇ ಪ್ರಧಾನ. ಏಳು ಕೋಟಿಯಲ್ಲಿಯಾದರೋ ಮೂರರ ಲೇಶವೂ ಇಲ್ಲ. ಎಪ್ಪತ್ತು ಲಕ್ಷ ಪತ್ತಿಗಳನ್ನು ಮೂರು ಮೂರಾಗಿ ಕೂಡಿಸಿ ಸೇನಾಮುಖಗಳನ್ನು ಕಟ್ಟಹೊರಟರೆ ಮೊದಲ ಮೆಟ್ಟಿಲಿನಲ್ಲಿಯೇ ಒಂದು ಪತ್ತಿ ಉಳಿದುಬಿಡುತ್ತದೆ. ಅಕ್ಷೋಹಿಣಿಗಳ ಲೆಕ್ಕದಲ್ಲಿ 320 ತುಂಬಿ 16,000 ಮಿಗುತ್ತದೆ.

ಇದರಿಂದ ಒಂದು ಮಾತು ಹೇಳಬಹುದು. ಏಳು ಕೋಟಿಯು ವ್ಯೂಹಗಳನ್ನು ಎಣಿಸಿ ಪಡೆದ ಮೊತ್ತವಾಗಿರಲಾರದು. ಹತ್ತರ ಸ್ಥಾನಗಳಿಗೆ ಹೆಸರಿಟ್ಟ ನುಡಿಯಿಂದ ಒಡಮೂಡಿದ ಸಂಖ್ಯೆ. ಅಕ್ಷೋಹಿಣಿಯ ಮೊತ್ತವನ್ನು ಹೇಳಲು ದೀರ್ಘವಾದ ಪದಸರಣಿ ಬೇಕು. ಏಳು ಕೋಟಿಗೆ ಎರಡೇ ಪದಗಳು ಸಾಕು. ಅವುಗಳಲ್ಲಿ ‘ಕೋಟಿ’ ಸಂಸ್ಕೃತದಿಂದ ಬಂದು ಎರಡೂ ಭಾಷೆಗಳಿಗೆ ಸಾಧಾರಣವಾದುದು. ‘ಏಳು’ ಮಾತ್ರ ಕನ್ನಡದ ಸ್ವತ್ತು. ಅನುವಾದಿಸಲು ಸುಲಭವಾಗಿದ್ದ ಆ ಪದವೇ ಅನುವಾದಗೊಳ್ಳದೆ ಉಳಿದಿದೆ. ಒಂದು ಘೋಷವನ್ನು ಆಧಾರವಾಗಿಟ್ಟುಕೊಂಡು ನಾಡಿನ ಗಡಿಯನ್ನು ನಿರ್ಣಯಿಸುವುದು ಸಲ್ಲದು. ಆದರೆ ಭಕ್ತಿಯು ಗಡಿ ದಾಟುವಾಗ ದೇವರ ಜೊತೆಗೆ ಕನ್ನಡದ ಎಣಿಕೆಯ ಪದವನ್ನೂ ಕೊಂಡೊಯ್ದಿತೆಂಬುದಕ್ಕೆ ಜೇಜುರಿಯ ಈ ಘೋಷ ಸಾಕ್ಷಿಯಾಗಿದೆ.