ಪಟ್ಟಿಯಲ್ಲಿಲ್ಲದ ಕೊನೆಯ ಹಾಡು

ಈಚೆಗೊಂದು ಭಾನುವಾರದ ಸಂಜೆ ಮಗನ ಮನೆಗೆ ಹೋಗಿದ್ದೆ. ಅವನ ಕಾಲೇಜು ದಿನಗಳ ಇಬ್ಬರು ಗೆಳೆಯರೂ ಬಂದಿದ್ದರು. ಮೂವರೂ ನಲವತ್ತರ ಆಸುಪಾಸಿನವರು. ಮನೆ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಇತ್ಯಾದಿ ಚಿಂತೆಗಳುಳ್ಳ ಗೃಹಸ್ಥರು. ಅಂಥವರು ಅಂದು ಒಂದು ಗಂಟೆಗೂ ಮಿಕ್ಕಿ ಏರುದನಿಯಲ್ಲಿ ವಾದಿಸುತ್ತಿದ್ದರು. 'ದಿ ಕ್ಲ್ಯಾಷ್' ಎಂಬ ಇಂಗ್ಲೆಂಡಿನ ಪಂಕ್ ತಂಡ 1979ರಲ್ಲಿ ಹೊರತಂದ 'ಲಂಡನ್ ಕಾಲಿಂಗ್' ಎಂಬ ಧ್ವನಿಮುದ್ರಿಕೆ ನಿಜಕ್ಕೂ ಯಾವ ಹಾಡಿನೊಂದಿಗೆ ಮುಗಿಯುತ್ತದೆ ಎಂಬುದೇ ಅವರ ವಿವಾದದ ವಸ್ತುವಾಗಿತ್ತು.

ಕೊನೆಗೆ ಒಬ್ಬಾತ ನನ್ನತ್ತ ತಿರುಗಿ, "ಅಂಕಲ್, ನೀವು ಸರ್ವಿಸ್ ಪೂರ್ತಿ ಮೀಟಿಂಗ್ ನಡೆಸಿದವರು. ಅಜೆಂಡಾದಲ್ಲಿ ಇಲ್ಲದ್ದನ್ನ ಲೆಕ್ಕಕ್ಕೆ ತಗೊಳ್ಳೋಕೆ ಬರುತ್ತಾ? ನೀವೇ ಹೇಳಿ" ಎಂದ. ಆತ ಅದನ್ನು ತಮಾಷೆಗೆ ಕೇಳಿದ್ದ. ನನಗೆ ಮಾತ್ರ ಆ ಪ್ರಶ್ನೆ ತಾಗಬೇಕಾದ ಕಡೆಗೇ ತಾಗಿತು. ಅಂದು ಉತ್ತರ ಕೊಡದೆ ಬಂದೆ. ಅನಂತರ ಆ ಧ್ವನಿಮುದ್ರಿಕೆಯನ್ನು ಮೂರು ಬಾರಿ ಮೊದಲಿನಿಂದ ಕೊನೆಯವರೆಗೆ ಕೇಳಿ, ಅದರ ಚರಿತ್ರೆಯನ್ನೂ ಓದಿದ ಮೇಲೆ ಈ ಬರಹ.

1979ರಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಬ್ರಿಟನ್ನಿನ ಹಣದುಬ್ಬರ 1975ರಲ್ಲಿ ಶೇ 24ರಷ್ಟಾದದ್ದು, 1976ರಲ್ಲಿ ಆ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಿದ್ದು, 1979ರ ಮೇ ತಿಂಗಳಲ್ಲಿ ಥ್ಯಾಚರ್ ಅಧಿಕಾರಕ್ಕೆ ಬಂದದ್ದು, ಇವೆಲ್ಲ ನಮಗೆ ಪರೀಕ್ಷೆಯ ಪ್ರಶ್ನೆಗಳಾಗಿದ್ದವು. ಅದೇ ಅಂಕಿ ಅಂಶಗಳ ಅಡಿಯಲ್ಲಿ ಬದುಕಿದ ಕೆಲಸವಿಲ್ಲದ ಹುಡುಗರು ಗಿಟಾರ್ ಹಿಡಿದು ಮೂರು ನಿಮಿಷಗಳ ಒರಟು ಹಾಡುಗಳನ್ನು ಕಟ್ಟುತ್ತಿದ್ದರೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಪಂಕ್ ಎಂದರೆ ಹೆಚ್ಚುಕಡಿಮೆ ಅದೇ: ಕಲಿತು ಪಳಗಿದ ಮೇಲೆ ಹಾಡೋಣವೆಂದು ಕಾಯದವರ ಸಂಗೀತ. ಜೋ ಸ್ಟ್ರಮರ್, ಮಿಕ್ ಜೋನ್ಸ್, ಪಾಲ್ ಸಿಮೊನನ್ ಮತ್ತು ಟಾಪರ್ ಹೆಡನ್ ಎಂಬ ನಾಲ್ವರ ಈ ತಂಡ 'ಲಂಡನ್ ಕಾಲಿಂಗ್' ಹೊತ್ತಿಗೆ ರೆಗ್ಗೆ, ಜಾಝ್, ಹಳೆಯ ರಾಕ್ ಅಂಡ್ ರೋಲ್ ಎಲ್ಲವನ್ನೂ ತನ್ನದಾಗಿಸಿಕೊಂಡಿತ್ತು.

ವಿವಾದದ ಮೂಲ ಹೀಗಿದೆ. 1979ರ ಡಿಸೆಂಬರ್ 14ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ಈ ಧ್ವನಿಮುದ್ರಿಕೆಯಲ್ಲಿ ಎರಡು ಎಲ್‌ಪಿ ತಟ್ಟೆಗಳಿದ್ದವು, ಎಂದರೆ ನಾಲ್ಕು ಬದಿಗಳು. ಹೊರಕವಚದ ಮೇಲೆ ಅಚ್ಚಾದ ಪಟ್ಟಿಯಲ್ಲಿ ಹದಿನೆಂಟು ಹಾಡುಗಳಿದ್ದು, ಕೊನೆಯದು 'ರೆವಲ್ಯೂಷನ್ ರಾಕ್'. ಆದರೆ ಅದು ಮುಗಿದ ಮೇಲೂ ಮುಳ್ಳು ಎತ್ತಿಡದೆ ಕುಳಿತವರಿಗೆ ಮತ್ತೊಂದು ಹಾಡು ಕೇಳಿಸಿತು. ಅದೇ ಹತ್ತೊಂಬತ್ತನೆಯದು, 'ಟ್ರೇನ್ ಇನ್ ವೇನ್'. ಸಂಗೀತ ವಾರಪತ್ರಿಕೆಯೊಂದರ ಜೊತೆ ಉಚಿತವಾಗಿ ಹಂಚುವ ತೆಳು ತಟ್ಟೆಗೆಂದು ಅದನ್ನು ಮುದ್ರಿಸಿಕೊಳ್ಳಲಾಗಿತ್ತು. ಆ ಏರ್ಪಾಡು ಕೈಗೂಡಲಿಲ್ಲ. ಹಾಡನ್ನು ಧ್ವನಿಮುದ್ರಿಕೆಗೇ ಸೇರಿಸೋಣವೆನ್ನುವಷ್ಟರಲ್ಲಿ ಹೊರಕವಚ ಅಚ್ಚಿಗೆ ಹೋಗಿಬಿಟ್ಟಿತ್ತು. ಹೀಗಾಗಿ ಹಾಡು ತಟ್ಟೆಯಲ್ಲಿ ಉಳಿಯಿತು, ಪಟ್ಟಿಯಲ್ಲಿ ಕಾಣಲಿಲ್ಲ. ನಾಲ್ಕನೆಯ ಬದಿಯಲ್ಲಿ ಗೀರುಗಳು ಮುಗಿದು ಲೇಬಲ್ ಆರಂಭವಾಗುವ ನಡುವಿನ ಕಿರಿದಾದ ಕಪ್ಪು ಜಾಗದಲ್ಲಿ ಅದರ ಹೆಸರನ್ನು ಕೈಯಿಂದ ಕೊರೆದದ್ದು ಬಿಟ್ಟರೆ ಅದಕ್ಕೆ ಬೇರೆ ಗುರುತಿರಲಿಲ್ಲ.

ಮಗನ ಗೆಳೆಯರಲ್ಲಿ ಒಬ್ಬನ ವಾದವಿದು: ಕೃತಿಕಾರರು ಬಯಸಿದ ಮುಕ್ತಾಯ 'ರೆವಲ್ಯೂಷನ್ ರಾಕ್'. ಜಮೈಕಾ ಮೂಲದ ಸಂಗೀತದಿಂದ ಪಡೆದ ಆ ಹಾಡು ಕಹಳೆಗಳ ಸಮೇತ ಮೆರವಣಿಗೆಯಂತೆ ಸಾಗುತ್ತದೆ. ಕೊನೆಯಲ್ಲಿ ಸ್ಟ್ರಮರ್ ಜಾತ್ರೆ ಮುಗಿಸಿ ಗಂಟುಮೂಟೆ ಕಟ್ಟುವವನಂತೆ ವಿನೋದದ ಮಾತಾಡುತ್ತಾ ಕೇಳುಗರನ್ನು ಬೀಳ್ಕೊಡುತ್ತಾನೆ. ಯುದ್ಧ, ನಿರುದ್ಯೋಗ, ಪೊಲೀಸರ ದಬ್ಬಾಳಿಕೆಗಳ ಬಗ್ಗೆ ಹಾಡಿದ ಮೇಲೆ ಅಂಥ ಉಲ್ಲಾಸದ ವಿದಾಯವೇ ತಕ್ಕದ್ದು. ಅದರ ನಂತರ ಬರುವ ಮಿಕ್ ಜೋನ್ಸ್‌ನ ಪ್ರೇಮಭಂಗದ ಹಾಡು ಎಷ್ಟೇ ಇಂಪಾಗಿದ್ದರೂ ಅಂಟಿಸಿದ ತೇಪೆ ಎಂಬುದು ಅವನ ನಿಲುವು.

ಇನ್ನೊಬ್ಬನ ಪಾಲಿಗೆ ಆ ತೇಪೆಯೇ ಬಟ್ಟೆಯನ್ನು ಪೂರ್ಣಗೊಳಿಸುತ್ತದೆ. ಲೋಕದ ಕೇಡನ್ನೆಲ್ಲ ಹದಿನೆಂಟು ಹಾಡುಗಳಲ್ಲಿ ಎದುರಿಸಿದವನು ಕಡೆಗೆ ಒಬ್ಬನೇ ಉಳಿದಾಗ ಅವನ ಸ್ವಂತ ಸಂಕಟ ಹೊರಬರುತ್ತದೆ. ಮನುಷ್ಯ ಸ್ವಭಾವವೇ ಅಂಥದ್ದು. ಅದೂ ಅಲ್ಲದೆ, 1980ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೇರಿ ಈ ತಂಡವನ್ನು ಅಲ್ಲಿನ ಮನೆಮನೆಗೆ ಮುಟ್ಟಿಸಿದ್ದು ಇದೇ ತೇಪೆಯ ಹಾಡು. ಜನ ಸ್ವೀಕರಿಸಿದ ಮೇಲೆ ಕವಚದಲ್ಲಿ ಹೆಸರಿತ್ತೋ ಇಲ್ಲವೋ ಎಂಬ ತಕರಾರಿಗೆ ಎಲ್ಲಿ ಅವಕಾಶ?

ಹಾಡುಗಳ ಅನುಕ್ರಮಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ಓದುಗರು ಕೇಳಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಉತ್ತರ ಅಪರಿಚಿತವಲ್ಲ. ಆಯ್ಕೆಗೆ ಬೆಲೆ ಬರುವುದು ಕೊರತೆಯಿಂದ. ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಒಳ್ಳೆಯ ಧ್ವನಿಯೊಂದಿಗೆ ಹಿಡಿಯುವುದು ಸುಮಾರು ಇಪ್ಪತ್ತು ನಿಮಿಷಗಳ ಸಂಗೀತ. ಅದು ಮುಗಿದೊಡನೆ ಕೇಳುಗ ಎದ್ದು ಬಂದು ತಟ್ಟೆ ತಿರುವಬೇಕು. ಆದ್ದರಿಂದ ಎರಡು ತಟ್ಟೆಗಳೆಂದರೆ ನಾಲ್ಕು ಆರಂಭ, ನಾಲ್ಕು ಮುಕ್ತಾಯ. 'ಲಂಡನ್ ಕಾಲಿಂಗ್'ನ ಎರಡನೆಯ ಬದಿ ಮುಗಿಯುವುದು 'ದ ಗನ್ಸ್ ಆಫ್ ಬ್ರಿಕ್ಸ್‌ಟನ್' ಹಾಡಿನಿಂದ. ಅದುವರೆಗೆ ಬಾಸ್ ಗಿಟಾರ್ ನುಡಿಸುತ್ತಿದ್ದ ಸಿಮೊನನ್ ತಾನೇ ಬರೆದು, ತಾನೇ ಹಾಡಿದ ಹಾಡದು. ಬಾಗಿಲು ಮುರಿದು ಬರುವವರೆದುರು ಏನು ಮಾಡುವೆ ಎಂಬ ಅದರ ಪ್ರಶ್ನೆ, ತಟ್ಟೆ ತಿರುವಲು ಏಳುವವನ ಜೊತೆಗೇ ಏಳುತ್ತದೆ. ಆ ಹಾಡನ್ನು ನಡುವೆಲ್ಲೋ ಇಟ್ಟಿದ್ದರೆ ಅಷ್ಟು ತಾಗುತ್ತಿರಲಿಲ್ಲ. ನಮ್ಮ ಸಂಗೀತ ಕಚೇರಿಗಳಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಣದಿಂದ ತೊಡಗಿ ಮಂಗಳದಲ್ಲಿ ಮುಗಿಯುವ ಕ್ರಮವನ್ನು ತಿರುವುಮುರುವು ಮಾಡಿದರೆ ರಾಗ, ತಾಳಗಳು ಅವೇ ಇದ್ದರೂ ಕಚೇರಿ ಅದೇ ಆಗಿರುವುದಿಲ್ಲ.

ಈ ತಂಡದ ಮೊದಲ ಧ್ವನಿಮುದ್ರಿಕೆಯ ಕಥೆಯೂ ಇಲ್ಲಿ ಪ್ರಸ್ತುತ. 1977ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಬಂದ ಅದರಲ್ಲಿ ಹದಿನಾಲ್ಕು ಹಾಡುಗಳಿದ್ದವು. ಅಮೆರಿಕದ ಕಂಪನಿ ಮೊದಲು ಅದನ್ನು ಬಿಡುಗಡೆ ಮಾಡಲೇ ಇಲ್ಲ. 1979ರಲ್ಲಿ ಬಿಡುಗಡೆ ಮಾಡಿದಾಗ ನಾಲ್ಕು ಹಾಡುಗಳನ್ನು ಕಿತ್ತು, ಐದನ್ನು ಸೇರಿಸಿ, ಅನುಕ್ರಮವನ್ನೇ ಬದಲಿಸಿತು. ಮೊದಲ ಹಾಡು ಬದಲಾಯಿತು, ನಡುವಿನವು ಅದಲುಬದಲಾದವು. ಆದರೆ ಎರಡೂ ದೇಶಗಳ ಆವೃತ್ತಿಗಳು ಮುಗಿಯುವುದು ಒಂದೇ ಹಾಡಿನಿಂದ, 'ಗ್ಯಾರೇಜ್‌ಲ್ಯಾಂಡ್'. ಈ ಹುಡುಗರನ್ನು ಅವರ ಗ್ಯಾರೇಜಿಗೇ ಅಟ್ಟಬೇಕೆಂದು ಬರೆದ ವಿಮರ್ಶಕನಿಗೆ ತಂಡ ಕೊಟ್ಟ ಉತ್ತರ ಅದು. ಉಳಿದದ್ದನ್ನೆಲ್ಲ ಕಲಕಿದ ಕೈಗಳೂ ಆ ಕೊನೆಯ ಮಾತನ್ನು ಅದರ ಜಾಗದಲ್ಲೇ ಬಿಟ್ಟವು.

ಕೊರತೆ ಇಲ್ಲದಾಗ ಏನಾಗುತ್ತದೆಂಬುದಕ್ಕೂ ಇದೇ ತಂಡದಲ್ಲಿ ನಿದರ್ಶನವಿದೆ. 'ಲಂಡನ್ ಕಾಲಿಂಗ್'ನ ಎರಡು ತಟ್ಟೆಗಳನ್ನು ಐದು ಪೌಂಡಿಗೆ, ಹೆಚ್ಚುಕಡಿಮೆ ಒಂದು ತಟ್ಟೆಯ ಬೆಲೆಗೇ, ಕೊಡಬೇಕೆಂದು ತಂಡ ಪಟ್ಟು ಹಿಡಿದು ಗೆದ್ದಿತು. ಮರುವರ್ಷ, 1980ರ ಡಿಸೆಂಬರ್‌ನಲ್ಲಿ, 'ಸ್ಯಾಂಡಿನಿಸ್ಟಾ!' ಎಂಬ ಮೂರು ತಟ್ಟೆಗಳ ಧ್ವನಿಮುದ್ರಿಕೆಯನ್ನು ಅಗ್ಗದ ಬೆಲೆಗೆ ಮಾರಲು ಬ್ರಿಟನ್ನಿನಲ್ಲಿ ಮೊದಲ ಎರಡು ಲಕ್ಷ ಪ್ರತಿಗಳ ಗೌರವಧನವನ್ನೇ ಬಿಟ್ಟುಕೊಟ್ಟಿತು. ಕೇಳುಗನ ಜೇಬಿನ ಬಗೆಗಿನ ಈ ಕಾಳಜಿಗೆ ತಲೆಬಾಗಲೇಬೇಕು. ಆದರೆ ಅದರ ಮೂವತ್ತಾರು ಹಾಡುಗಳಲ್ಲಿ ಯಾವುದನ್ನು ಬಿಡಬೇಕಿತ್ತು ಎಂದು ಅಭಿಮಾನಿಗಳು ಇಂದಿಗೂ ತಮ್ಮ ತಮ್ಮ ಪಟ್ಟಿ ಮಾಡುತ್ತಿದ್ದಾರೆ. ತಂಡ ಮಾಡದೆ ಬಿಟ್ಟ ಆಯ್ಕೆಯ ಹೊರೆ ಕೇಳುಗನ ಹೆಗಲಿಗೆ ಬಂತು.

ಸಿ.ಡಿ. ಬಂದಾಗ 'ಲಂಡನ್ ಕಾಲಿಂಗ್'ನ ನಾಲ್ಕೂ ಬದಿಗಳು ಒಂದೇ ತಟ್ಟೆಯಲ್ಲಿ ಅಡಗಿ, ನಡುವಿನ ಮೂರು ಮುಕ್ತಾಯಗಳು ಅಳಿಸಿಹೋದವು. ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದಾಗ ಇಸ್ಪೀಟಿನ ಎಲೆಗಳಂತೆ ಹಾಡುಗಳನ್ನು ಕಲಸುವ ಗುಂಡಿಯೂ ಬಂತು. 2021ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್ ಇದಕ್ಕೆ ಆಕ್ಷೇಪವೆತ್ತಿದ ಮೇಲೆ, ಸ್ಪಾಟಿಫೈ ಸಂಸ್ಥೆ ಧ್ವನಿಮುದ್ರಿಕೆಗಳ ಪುಟದಲ್ಲಿ ಕಲಸಿ ನುಡಿಸುವುದನ್ನೇ ಮುಂದಿಡುವ ಪದ್ಧತಿಯನ್ನು ಕೈಬಿಟ್ಟಿತು. ಮರುವರ್ಷ ಅಮೆರಿಕದಲ್ಲಿ, 1987ರ ನಂತರ ಮೊದಲ ಬಾರಿಗೆ, ಸಿ.ಡಿ.ಗಳಿಗಿಂತ ಹೆಚ್ಚು ಎಲ್‌ಪಿ ತಟ್ಟೆಗಳು ಮಾರಾಟವಾದವು. ಅನುಕ್ರಮದ ಹಸಿವು ಇನ್ನೂ ಇದ್ದೀತೆಂದು ನನಗೆ ಅನ್ನಿಸುವುದು ಇದರಿಂದ. 2019ರ ನವೆಂಬರ್‌ನಲ್ಲಿ ಲಂಡನ್ನಿನ ನಗರ ವಸ್ತುಸಂಗ್ರಹಾಲಯ ಈ ಧ್ವನಿಮುದ್ರಿಕೆಯ ನಲವತ್ತನೆಯ ವರ್ಷಕ್ಕೆಂದು ಏರ್ಪಡಿಸಿದ ಪ್ರದರ್ಶನದಲ್ಲಿ, ಮುಖಪುಟದ ಚಿತ್ರದಲ್ಲಿ ಸಿಮೊನನ್ ನೆಲಕ್ಕಪ್ಪಳಿಸುತ್ತಿರುವ ಗಿಟಾರಿನ ಮುರುಕಿನೊಂದಿಗೆ, ನಾಲ್ಕು ಬದಿಗಳ ಹಾಡುಗಳ ಅನುಕ್ರಮವನ್ನು ಮಿಕ್ ಜೋನ್ಸ್ ಕೈಯಾರೆ ಬರೆದ ಚೀಟಿಯನ್ನೂ ಇಡಲಾಗಿತ್ತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಆ ಮುರುಕಿಗಿಂತ ಆ ಚೀಟಿಯ ಮೇಲೇ ಆಸೆ.

ಇನ್ನು ನನ್ನನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಸರ್ಕಾರಿ ಸಭೆಗಳ ಕಾರ್ಯಸೂಚಿಯಲ್ಲಿ ಕೊನೆಯ ಸಾಲು ಯಾವಾಗಲೂ ಒಂದೇ: 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು'. ತೊಂಬತ್ತರ ದಶಕದ ಕೊನೆಯಲ್ಲಿ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ನಾನು ಅಧಿಕಾರಿಯಾಗಿದ್ದಾಗ ನಡೆದ ಸಂಗತಿಯಿದು. ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಹದಿನಾಲ್ಕು ವಿಷಯಗಳು ಮುಗಿದು, ಕಾಫಿ ಬಂದು, ಸದಸ್ಯರು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು. ಮೊದಲ ಬಾರಿ ಆರಿಸಿ ಬಂದಿದ್ದ, ಅದುವರೆಗಿನ ಯಾವ ಸಭೆಯಲ್ಲೂ ಬಾಯಿ ತೆರೆಯದಿದ್ದ ಹೆಣ್ಣುಮಗಳೊಬ್ಬರು ಎದ್ದು ನಿಂತು, "ಸಾಹೇಬ್ರೆ, ನಮ್ಮ ಹಟ್ಟಿ ಬೋರಿನ ನೀರು ಕುಡಿದು ಮಕ್ಕಳ ಹಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗ್ಯಾವೆ" ಎಂದರು. ನಾನು, "ಕಾರ್ಯಸೂಚಿಯಲ್ಲಿಲ್ಲ ತಾಯಿ, ಮುಂದಿನ ಸಭೆಗೆ ಬರೆದುಕೊಡಿ" ಎಂದೆ. ನಡವಳಿಯ ಕರಡು ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಅದರಲ್ಲಿ ಅವರ ಮಾತು ಸೇರಲಿಲ್ಲ.

ಮುಂದಿನ ಸಭೆ ಸೇರಿದ್ದು ಎರಡು ತಿಂಗಳ ಬಳಿಕ. ಆಗ ಅದು ಮೊದಲನೆಯ ವಿಷಯವಾಯಿತು. ನೀರಿನ ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಖಚಿತವಾಗಿ, ಬೇರೆ ನೀರಿನ ವ್ಯವಸ್ಥೆಯೂ ಆಯಿತು. ನಿಯಮದ ಪ್ರಕಾರ ನನ್ನದೇನೂ ತಪ್ಪಿರಲಿಲ್ಲ. ಆದರೆ ಆ ಎರಡು ತಿಂಗಳೂ ಆ ಮಕ್ಕಳು ಅದೇ ನೀರನ್ನು ಕುಡಿದರು. ಹದಿನಾಲ್ಕು ವಿಷಯಗಳಲ್ಲಿ ಒಂದೂ ನನಗೀಗ ನೆನಪಿಲ್ಲ. ಆ ಹದಿನೈದನೆಯದು ಮರೆತಿಲ್ಲ.

ಆದ್ದರಿಂದ ಮಗನ ಗೆಳೆಯನಿಗೆ ನನ್ನ ಉತ್ತರವಿದು. ಅನುಕ್ರಮವನ್ನು ಗೌರವಿಸಬೇಕು. ಯಾವುದು ಮೊದಲು, ಯಾವುದು ಕೊನೆ ಎಂದು ಕುಳಿತು ಯೋಚಿಸಿದವರ ಶ್ರಮ ಅದರಲ್ಲಿದೆ; ಅವರು ಯೋಜಿಸಿದ ಮುಕ್ತಾಯ 'ರೆವಲ್ಯೂಷನ್ ರಾಕ್' ಎಂಬುದನ್ನು ಒಪ್ಪುತ್ತೇನೆ. ಆದರೂ ಆ ಧ್ವನಿಮುದ್ರಿಕೆ ಮುಗಿಯುವುದು 'ಟ್ರೇನ್ ಇನ್ ವೇನ್'ನಿಂದಲೇ. ಜನಪ್ರಿಯತೆಯ 23ನೆಯ ಸ್ಥಾನ ನನ್ನ ತೀರ್ಪಿಗೆ ಆಧಾರವಲ್ಲ. ಕವಚ ಅಚ್ಚಾಗಿಬಿಟ್ಟಿದೆ, ಇನ್ನೇನೂ ಮಾಡುವಂತಿಲ್ಲ, ಮುಂದಿನ ತಟ್ಟೆಗೆ ನೋಡೋಣ ಎಂದು ಆ ಹಾಡನ್ನು ಹಿಂದಕ್ಕೆ ಕಳಿಸಲು ಎಲ್ಲ ಕಾರಣಗಳೂ ಇದ್ದವು. ಹಾಗೆ ಮಾಡದೆ ಅದಕ್ಕೆ ಜಾಗ ಕೊಟ್ಟರು; ಪಟ್ಟಿಯಲ್ಲಿ ಸ್ಥಳವಿಲ್ಲದಿದ್ದರೆ ತಟ್ಟೆಯ ಅಂಚಿನಲ್ಲಾದರೂ ಇರಲೆಂದು ಅದರ ಹೆಸರನ್ನು ಕೊರೆದರು. ತಡವಾಗಿ ಬಂದ ವಿಷಯವನ್ನು ಅವರು ನಡವಳಿಯಲ್ಲಿ ದಾಖಲಿಸಿದರು. ನಾನು ದಾಖಲಿಸಲಿಲ್ಲ.