ಕ್ಲಾರೆಂಡನ್: ಕಿರಿದಗಲದ ದಪ್ಪಕ್ಷರದ ಉಗಮ ಮತ್ತು ಪ್ರಸಾರ

ಓದುವ ಅಕ್ಷರ ಮತ್ತು ನೋಡುವ ಅಕ್ಷರ ಎಂಬ ಭೇದವು ಮುದ್ರಣದ ಇತಿಹಾಸದಲ್ಲಿ ನಿಚ್ಚಳವಾದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ವ್ಯಾಪಾರ, ಲಾಟರಿ, ನಾಟಕ ಪ್ರದರ್ಶನಗಳ ಗೋಡೆಪತ್ರಗಳು ಹೆಚ್ಚಿದಂತೆ, ಪುಸ್ತಕಕ್ಕೆಂದು ಕೊರೆದ ಮೊಳೆಗಳು ದೂರದ ನೋಟಕ್ಕೆ ಸಾಲದಾದವು. ಮೊದಲು ಬಂದ ‘ಫ್ಯಾಟ್ ಫೇಸ್’ ಅಕ್ಷರಗಳಲ್ಲಿ ಕಂಬಗೆರೆಗಳು ಅತಿ ದಪ್ಪ, ಉಳಿದ ಗೆರೆಗಳು ಕೂದಲೆಳೆಯಷ್ಟು ತೆಳು. 1810ರ ದಶಕದಲ್ಲಿ ವಿನ್ಸೆಂಟ್ ಫಿಗ್ಗಿನ್ಸ್ ಹೊರತಂದ ‘ಆಂಟಿಕ್’ ಎಲ್ಲ ಗೆರೆಗಳನ್ನೂ ಬಹುಮಟ್ಟಿಗೆ ಸಮದಪ್ಪಗೊಳಿಸಿತು. ಗೆರೆಯ ತುದಿಯಲ್ಲಿ ಚಾಚುವ ಸೆರಿಫ್ ಎಂಬ ಕಿರುಪಟ್ಟಿಯೂ ಇದರಲ್ಲಿ ಇಟ್ಟಿಗೆಯಂತೆ ಚೌಕಾಕಾರವಾಯಿತು.

ಈ ಎರಡರ ನಡುವಿನ ಹದವನ್ನು ಸಾಧಿಸಿದ್ದು ಕ್ಲಾರೆಂಡನ್. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕಶಾಲೆಯ ರಾಬರ್ಟ್ ಬೆಸ್ಲಿ ಇದನ್ನು 1845ರಲ್ಲಿ ಹೊರತಂದನು. ಇದರ ಪಡಿಯಚ್ಚುಗಳನ್ನು ಕೊರೆದವನು ಬೆಂಜಮಿನ್ ಫಾಕ್ಸ್. ನಿಘಂಟಿನಂತಹ ಗ್ರಂಥಗಳಲ್ಲಿ ಮುಖ್ಯಪದವನ್ನು ಎತ್ತಿ ತೋರಿಸುವುದು ಇದರ ಮೂಲ ಉದ್ದೇಶಗಳಲ್ಲೊಂದು. ಆದುದರಿಂದಲೇ ಅಕ್ಷರವು ದಪ್ಪವಾಗಿಯೂ ಇರಬೇಕಿತ್ತು, ಅಂಕಣದ ಅಗಲವನ್ನು ನುಂಗದಂತೆಯೂ ಇರಬೇಕಿತ್ತು. ಕಿರಿದಾದ ಅಗಲ, ಮಿತವಾದ ದಪ್ಪ–ತೆಳು ಭೇದ, ಕಂಬಗೆರೆಗೆ ಬಾಗಿ ಬೆಸೆದುಕೊಳ್ಳುವ ಗಟ್ಟಿ ಸೆರಿಫ್, ಇವು ಈ ಅಗತ್ಯದಿಂದ ಹುಟ್ಟಿದ ಲಕ್ಷಣಗಳು.

ಬೆಸ್ಲಿ ಆಗಿನ ವಿನ್ಯಾಸ ಸಂರಕ್ಷಣಾ ಕಾಯ್ದೆಯಡಿ ಈ ಅಕ್ಷರವನ್ನು ನೋಂದಾಯಿಸಿದನು. ಆದರೆ ರಕ್ಷಣೆಯ ಅವಧಿ ಕೇವಲ 3 ವರ್ಷ. ಅದು ಮುಗಿದೊಡನೆ ಇತರ ಎರಕಶಾಲೆಗಳು ನಕಲುಗಳನ್ನು ಮಾರುಕಟ್ಟೆಗೆ ತಂದವು. ಬೆಸ್ಲಿಗೆ ಇದು ನಷ್ಟವೇ ಸರಿ. ಅಕ್ಷರಕ್ಕಾದರೋ ಇದರಿಂದಲೇ ವ್ಯಾಪ್ತಿ ದೊರೆಯಿತು. ಒಂದು ಸಂಸ್ಥೆಯ ಸೊತ್ತಿನ ಹೆಸರಾಗಿದ್ದ ‘ಕ್ಲಾರೆಂಡನ್’ ಒಂದು ಅಕ್ಷರವರ್ಗದ ಹೆಸರಾಯಿತು.

ಅಮೆರಿಕದಲ್ಲಿ ಈ ವರ್ಗಕ್ಕೆ ಮರದ ಮೊಳೆ ಆಸರೆಯಾಯಿತು. ದೊಡ್ಡ ಗಾತ್ರದ ಸೀಸದ ಮೊಳೆ ಭಾರವೂ ದುಬಾರಿಯೂ ಆಗಿತ್ತು. ಡೇರಿಯಸ್ ವೆಲ್ಸ್ 1827ರಲ್ಲಿ ಯಂತ್ರದಿಂದ ಮರದ ಮೊಳೆ ಕೊರೆಯುವ ಕ್ರಮವನ್ನೂ, ವಿಲಿಯಂ ಲೆವನ್‌ವರ್ತ್ 1834ರಲ್ಲಿ ಒಂದೇ ಮಾದರಿಯಿಂದ ಹಲವು ಗಾತ್ರಗಳನ್ನು ಪಡೆಯಲು ನೆರವಾಗುವ ಪ್ಯಾಂಟೋಗ್ರಾಫನ್ನೂ ಬಳಕೆಗೆ ತಂದಿದ್ದರು. ಕಾಗದದ ಅಗಲಕ್ಕೆ ಮಿತಿಯಿದ್ದುದರಿಂದ, ದೀರ್ಘಪದವನ್ನು ದೊಡ್ಡದಾಗಿ ಒಂದೇ ಸಾಲಿನಲ್ಲಿ ಹಿಡಿಸಲು ಕಿರಿದಗಲದ ಎತ್ತರದ ಅಕ್ಷರವೇ ಉಪಾಯವಾಯಿತು. ಮೇಲಿನ ಮತ್ತು ಕೆಳಗಿನ ಪಟ್ಟಿಗಳೇ ಕಂಬಗೆರೆಗಿಂತ ದಪ್ಪವಾಗಿರುವ ‘ಫ್ರೆಂಚ್ ಕ್ಲಾರೆಂಡನ್’ ಈ ಪ್ರವೃತ್ತಿಯ ಪರಾಕಾಷ್ಠೆ. ಇಂದು ‘ಹಳೆಯ ಕಾಲದ ಸೊಗಡು’ ಬೇಕಾದಲ್ಲಿ ವಿನ್ಯಾಸಕಾರರು ನೆನೆಯುವುದು ಇಂಥ ರೂಪಗಳನ್ನೇ. 1953ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಎರಕಶಾಲೆಗಾಗಿ ಹರ್ಮನ್ ಐಡೆನ್‌ಬೆನ್ಸ್ ಕ್ಲಾರೆಂಡನ್ನನ್ನು ಪುನಾರಚಿಸಿದುದು ಉಲ್ಲೇಖನೀಯ.

ಈ ಚರಿತ್ರೆಯಿಂದ ಕನ್ನಡ ಶೀರ್ಷಿಕೆಗಳ ವಿನ್ಯಾಸಕಾರರೂ ಗ್ರಹಿಸಬೇಕಾದ ಅಂಶವೊಂದಿದೆ. ಕಿರಿದಗಲದ ಅಕ್ಷರವೆಂದರೆ ಒತ್ತಿ ಕುಗ್ಗಿಸಿದ ಅಕ್ಷರವಲ್ಲ. ಹೊಸದಾಗಿ ರಚಿಸಿದ ಅಕ್ಷರ. ರೋಮನ್ ಲಿಪಿಯಲ್ಲಿ ನೇರ ಕಂಬಗೆರೆಗಳ ನಡುವಣ ತೆರಪನ್ನು ಕಿರಿದುಗೊಳಿಸಲು ಅವಕಾಶವಿದೆ. ಕನ್ನಡದ ದುಂಡು ರೂಪಗಳನ್ನು ಗಣಕದಲ್ಲಿ ಯಾಂತ್ರಿಕವಾಗಿ ಅಡ್ಡಡ್ಡ ಕುಗ್ಗಿಸಿದರೆ ಒಳತೆರಪು ಮುಚ್ಚಿಕೊಳ್ಳುತ್ತದೆ, ಗೆರೆಗಳ ದಪ್ಪ ಏರುಪೇರಾಗುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗವೂ ಬೇಕು. ತಲೆಕಟ್ಟು ಸೆರಿಫಿನಂತೆ ಬಿಟ್ಟರೂ ನಡೆಯುವ ಅಲಂಕಾರವಲ್ಲ, ಅಕ್ಷರದ ಅಂಗ. ಆದಕಾರಣ ಅನುಕರಣೀಯವಾದುದು ಕ್ಲಾರೆಂಡನ್ನಿನ ಆಕಾರವಲ್ಲ, ಅಗತ್ಯಕ್ಕೆ ತಕ್ಕಂತೆ ಪ್ರತಿಯೊಂದು ಗೆರೆಯನ್ನೂ ಮರುಚಿಂತಿಸಿದ ಅದರ ವಿಧಾನ.