ಆ ಚಪ್ಪಲಿಯಲ್ಲಿ ಓಡುವುದು ಹೇಗೆ?

ಕುಷ್ಟಗಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಹೋದ ವರ್ಷ ಎಂಟನೇ ತರಗತಿಯ ಮಕ್ಕಳಿಗೆ, ನೀವು ಆಡುವ ಮೊಬೈಲ್ ಗೇಮಿನ ಒಬ್ಬ ವೀರ, ಒಬ್ಬ ವೀರೆಯನ್ನು ಬಿಡಿಸಿ ಅಂದೆ. ವೀರನಿಗೆ ಅಗಲ ಭುಜ, ಎದೆತುಂಬ ಕವಚ, ಕಾಲಿಗೆ ಬೂಟು. ವೀರೆಗೆ ಮುಷ್ಟಿಯಲ್ಲಿ ಹಿಡಿಯುವಷ್ಟು ನಡು, ಹೊಟ್ಟೆ ಬಿಟ್ಟ ಕವಚ, ಎತ್ತರದ ಹಿಮ್ಮಡದ ಚಪ್ಪಲಿ. ಹುಡುಗಿಯರೂ ಹಾಗೇ ಬಿಡಿಸಿದ್ದರು. ಹಿಂದಿನ ಬೆಂಚಿನವಳೊಬ್ಬಳು ಮಾತ್ರ ತನ್ನ ಹಾಳೆಯನ್ನೇ ನೋಡುತ್ತ, "ಟೀಚರ್, ಈಕಿ ಇಂಥಾ ಚಪ್ಪಲಿ ಹಾಕ್ಕೊಂಡು ಓಡೂದು ಹೆಂಗ್ರಿ?" ಅಂದಳು.

ಚಿಕ್ಕ ತೆರೆಯ ಮೇಲೆ ಓಡುವ ಪಾತ್ರವನ್ನು ನಾವು ಗುರುತಿಸುವುದು ಹೊರರೇಖೆಯಿಂದ. ಹೆಣ್ಣೆಂದು ತೋರಿಸಲು ಆ ರೇಖೆಗೆ ಏನು ಸೇರಿಸಬೇಕು? 1980ರ ಪ್ಯಾಕ್‌ಮ್ಯಾನ್ ಬರೀ ಒಂದು ಹಳದಿ ಬಿಲ್ಲೆ. ಅದರ ಹೆಣ್ಣುರೂಪ ಬಂದಾಗ ಅದೇ ಬಿಲ್ಲೆಗೆ ಕೆಂಪು ರಿಬ್ಬನ್ನು, ತುಟಿಗೆ ಬಣ್ಣ ಹಚ್ಚಿದರು. 1985ರ ಸೂಪರ್ ಮಾರಿಯೋದಲ್ಲಿ ರಾಜಕುಮಾರಿಗಿದ್ದ ಕೆಲಸ ಸೆರೆಯಲ್ಲಿ ಕಾಯುವುದೊಂದೇ. ಮರುವರ್ಷದ ಮೆಟ್ರಾಯ್ಡ್‌ನಲ್ಲಿ ಆಟದುದ್ದಕ್ಕೂ ಕವಚದೊಳಗೆ ಹೋರಾಡಿದ ಸೇಮಸ್ ಹೆಣ್ಣೆಂದು ತಿಳಿಯುವುದು ಕೊನೆಯಲ್ಲಿ. ಎಷ್ಟು ಬೇಗ ಆಟ ಮುಗಿಸಿದರೆ ಆಕೆಯ ಮೈಮೇಲೆ ಅಷ್ಟು ಕಡಿಮೆ ಬಟ್ಟೆ. ಗೆದ್ದವನಿಗೆ ಆಕೆಯ ಮೈಯೇ ಬಹುಮಾನ! ಇದು ತಿಳಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. 1996ರಲ್ಲಿ ಬಂದ ಗೇಮ್ ನಾಯಕಿ ಲಾರಾ ಕ್ರಾಫ್ಟ್ ಗುಹೆ, ಹಿಮ, ಕಾಡು ಎಲ್ಲವನ್ನೂ ದಾಟಿದಳು. ಆದರೆ ಆಕೆಗೆ ನಂಬುವಂಥ ಮೈಕಟ್ಟು ಸಿಕ್ಕಿದ್ದು 2013ರ ಹೊಸ ರೂಪದಲ್ಲಿ.

ಯಲಬುರ್ಗಾದ ನನ್ನ ತವರಿನಲ್ಲಿ ತೊಗಲುಗೊಂಬೆ ಆಟ ನೋಡುತ್ತ ಬೆಳೆದವಳು ನಾನು. ಅಲ್ಲಿಯೂ ಮೈಯ ಅಳತೆಯೇ ಮಾತಾಡುತ್ತದೆ. ದೇವರು, ಅರಸರಿಗೆ ದೊಡ್ಡ ತೊಗಲು, ಆಳುಕಾಳಿಗೆ ಚಿಕ್ಕದು. ಹಾಗಾಗಿ ಹಳೆಯದೆಲ್ಲ ಸರಿಯಿತ್ತು ಎಂದು ಮಕ್ಕಳಿಗೆ ನಾನು ಹೇಳುವುದಿಲ್ಲ. ಹೇಳುವುದು ಪರದೆಯ ಹಿಂದಿನ ಕೈಗಳ ಬಗ್ಗೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ 96 ವರ್ಷ. ರಾಮಾಯಣ, ಮಹಾಭಾರತದ ಗೊಂಬೆಗಳಿಗೆ ಏಳು ದಶಕ ಜೀವ ಕೊಟ್ಟ ಕೈ ಅದು.

ಗಂಗಾವತಿಯ ತಮ್ಮನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆ ಒಂದು ಸಂಜೆ, "ಅತ್ತಿ, ನಿಮ್ಮ ತೊಗಲುಗೊಂಬಿ ಇಲ್ಲೈತಿ ಬರ್ರಿ" ಎಂದು ಕರೆದಳು. ಅದು 'ರಾಜಿ', ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ಆಟ. ಅಸುರರು ಹೊತ್ತೊಯ್ದ ತಮ್ಮನನ್ನು ಬಿಡಿಸಲು ಸರ್ಕಸ್ಸಿನ ಹುಡುಗಿಯೊಬ್ಬಳು ದುರ್ಗೆಯ ಬಲದಿಂದ ಹೊರಡುತ್ತಾಳೆ. ನಡುನಡುವೆ ಕಥೆ ಹೇಳುವುದು ನೆರಳುಗೊಂಬೆಗಳು. ರಾಜಿ ಗೋಡೆಯ ಮೇಲೆ ಓಡುತ್ತಾಳೆ, ಜಿಗಿಯುತ್ತಾಳೆ, ಲಾಗ ಹಾಕುತ್ತಾಳೆ. ಸರ್ಕಸ್ಸಿನಲ್ಲಿ ಪಳಗಿದವಳು ಎಂದು ಆಕೆಯ ಪ್ರತಿ ಚಲನೆಯೂ ಹೇಳುತ್ತದೆ. ನಾನು ಕುರ್ಚಿ ಎಳೆದುಕೊಂಡು ಕೂತೆ. ಎದ್ದಾಗ ಹತ್ತು ಗಂಟೆ.

ಮರುವಾರ ಮಕ್ಕಳಿಗೆ ಒಂದೇ ನಿಯಮ ಕೊಟ್ಟೆ: ಮೊದಲು ಪಾತ್ರದ ಕೆಲಸ ಹೇಳಿ, ಆಮೇಲೆ ಬಟ್ಟೆ ತೊಡಿಸಿ. ಹಿಂದಿನ ಬೆಂಚಿನ ಹುಡುಗಿ ಈ ಸಲ ಇಳಕಲ್ ಸೀರೆಗೆ ಕಚ್ಚೆ ಹಾಕಿಸಿದ್ದಳು. ದಪ್ಪ ಮೊಣಕೈ, ಸೊಂಟದಲ್ಲಿ ಕುಡುಗೋಲು, ಬರಿಗಾಲು.

"ಯಾರವ್ವಾ ಈಕಿ?"

"ನಮ್ಮ ಅಮ್ಮನ ಅವ್ವ ರೀ. ಹೊಲದಾಗ ಹಂದಿ ಬೆನ್ನತ್ತಿ ಓಡ್ತಾಳ."